ಗೆರೆ ಬೀಳದ ಚಾವಣಿ

ಗೋಡೆಗೆ ಬಣ್ಣ ಹೊಡೆಯುವವರು ಆ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಚಾವಣಿಗೆ ಹೊಡೆಯುವವರು ಕಡಿಮೆ. ಹೊಡೆದ ಮರುದಿನ ಬೆಳಗ್ಗೆ ಅದೇ ಚಾವಣಿಯ ಕೆಳಗೆ ನಿಂತು, ಕತ್ತೆತ್ತಿ ನೋಡಿ, ನಾಚದೆ ಹೊರಗೆ ಬರಬಲ್ಲವರು ಇನ್ನೂ ಕಡಿಮೆ. ಅಂಥವರಲ್ಲಿ ಸೀಲಿಂಗಕ್ಕ ಒಬ್ಬಳು. ಆ ಹೆಸರನ್ನು ಕೆಲಸದವರು ಇಟ್ಟದ್ದು. ಮೇಸ್ತ್ರಿಯಿಂದ ಹಿಡಿದು ಬಣ್ಣದಂಗಡಿಯವನವರೆಗೆ ಎಲ್ಲರ ಬಾಯಲ್ಲೂ ಅದೇ ನಿಂತಿತ್ತು. ಅತ್ತಿಗೆ ಎಂದು ಕರೆಯುವ ಹಕ್ಕು ಮಾತ್ರ ಒಬ್ಬಳಿಗೇ ಸೇರಿದ್ದು, ಗಂಡನ ತಂಗಿಗೆ.

ಆ ನಾದಿನಿಯೂ ಬಣ್ಣದವಳೇ. ಇಬ್ಬರೂ ಒಂದೇ ಮನೆಯಲ್ಲಿದ್ದು, ಒಂದೇ ಬಕೆಟ್ಟನ್ನು ಎರಡು ಕಡೆಯಿಂದ ಹಿಡಿದು ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಕೋಣೆಯೊಳಕ್ಕೆ ಕಾಲಿಟ್ಟೊಡನೆ ರಾಜ್ಯ ಎರಡಾಗುತ್ತಿತ್ತು. ಚಾವಣಿ ಅತ್ತಿಗೆಯದು, ಗೋಡೆ ನಾದಿನಿಯದು. ಒಮ್ಮೆ, ಒಂದು ಸಣ್ಣ ಉಗ್ರಾಣದ ಚಾವಣಿಯನ್ನಾದರೂ ತನಗೆ ಬಿಟ್ಟುಕೊಡು ಎಂದು ನಾದಿನಿ ಕೇಳಿದ್ದಳು. ಅತ್ತಿಗೆ ಅವಳ ಕೈಯನ್ನು ತಿರುಗಿಸಿ ನೋಡಿ, "ಇದು ಗೋಡೆ ಕೈ ಕಣೆ" ಎಂದು ವಾಪಸು ಕೊಟ್ಟುಬಿಟ್ಟಿದ್ದಳು.

ಚಾವಣಿಗೆ ಒಂದು ನಿಯಮವಿದೆ. ಕಿಟಕಿಯ ಕಡೆಯಿಂದ ಆರಂಭಿಸಿ ಪಟ್ಟಿಪಟ್ಟಿಯಾಗಿ ಹೊಡೆಯುತ್ತ ಹೋಗಬೇಕು. ಒಂದು ಪಟ್ಟಿಯ ಅಂಚು ಒಣಗುವುದರೊಳಗೆ ಮುಂದಿನದು ಬಂದು ಅದನ್ನು ಕೂಡಬೇಕು. ನಡುವೆ ಕೈ ನಿಂತರೆ, ಒಣಗಿದ ಅಂಚಿನ ಮೇಲೆ ಹಸಿ ಬಣ್ಣ ಕೂತು ಅಲ್ಲೊಂದು ಗೆರೆ ಬೀಳುತ್ತದೆ. ಅದು ಆ ದಿನ ಕಾಣುವುದಿಲ್ಲ. ಮರುದಿನ ಬೆಳಗ್ಗೆ ಕಿಟಕಿಯ ಬೆಳಕು ಓರೆಯಾಗಿ ಒಳಗೆ ಬಂದಾಗ, ಯಾರೂ ಬೆರಳು ಮಾಡಿ ತೋರಿಸದೆ ತಾನಾಗಿ ಎದ್ದು ಕಾಣುತ್ತದೆ. ಮತ್ತೆ ಅದನ್ನು ತಿದ್ದಿ ಮುಚ್ಚುವ ಉಪಾಯವಿಲ್ಲ. ಇಡೀ ಚಾವಣಿಯನ್ನೇ ಹೊಸದಾಗಿ ಹೊಡೆಯಬೇಕು.

"ಚಾವಣಿ ಅನ್ನೋದು ಹೆರಿಗೆ ಇದ್ದ ಹಾಗೆ" ಎನ್ನುತ್ತಿದ್ದಳು ಅತ್ತಿಗೆ. "ಶುರುವಾದ್ಮೇಲೆ ಮಿಕ್ಕಿದ್ದು ನಾಳೆ ನೋಡೋಣ ಅನ್ನೋಕಾಗಲ್ಲ."

ನಾಳೆ ಎಂಬ ಮಾತನ್ನು ಅವಳು ಎಂದೂ ಆಡಿರಲಿಲ್ಲ. ಕೋಲಿನ ತುದಿಯ ರೋಲರನ್ನು ಎತ್ತಿದರೆ, ಎದುರಿನ ಗೋಡೆ ಮುಟ್ಟುವವರೆಗೆ ಇಳಿಸಿದವಳಲ್ಲ. ಅಷ್ಟು ವರ್ಷ ಹೀಗೆ ತಲೆಯ ಮೇಲೆ ದುಡಿದ ಭುಜ ತನ್ನ ಕಷ್ಟವನ್ನು ಎಂದಾದರೂ ಹೇಳಿಕೊಂಡೀತು ಎಂಬುದು ಅವಳ ಲೆಕ್ಕದಲ್ಲಿರಲಿಲ್ಲ.

ನಾದಿನಿಗೆ ಮೊದಲು ಸುಳಿವು ಕೊಟ್ಟದ್ದು ಜಡೆ. ಬಿಗಿಯಾಗಿ ಹೆಣೆದ ಜಡೆಯನ್ನು ತಲೆಯ ಮೇಲೆ ಸುತ್ತಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದ ಅತ್ತಿಗೆ, ಒಂದು ದಿನ ಕುತ್ತಿಗೆಯ ಬುಡದಲ್ಲಿ ಸಡಿಲ ಗಂಟು ಹಾಕಿಕೊಂಡು ಬಂದಳು. ಆಮೇಲೆ ಚೀಲ ಬಲ ಹೆಗಲಿನಿಂದ ಎಡಕ್ಕೆ ಹೋಯಿತು. ಮೇಲಿನ ಗೂಡಿನಲ್ಲಿದ್ದ ಸಕ್ಕರೆ ಡಬ್ಬ ಕೆಳಗಿಳಿದು ಒಲೆಯ ಪಕ್ಕ ಕೂತಿತು.

"ಏನತ್ತಿಗೆ, ಅಡುಗೆಮನೆಯೆಲ್ಲ ಕುಳ್ಳಗಾಗ್ತಾ ಇದೆ?"

"ಮಲಗಿದಾಗ ಕೈ ಮೈಯಡಿ ಸಿಕ್ಕಿಕೊಂಡಿತ್ತು. ಎರಡು ದಿನಕ್ಕೆ ಹೋಗುತ್ತೆ. ನೀನು ಬ್ರಷ್ ತೊಳಿ."

ಅದು ಹೋಗಲಿಲ್ಲ. ಹೋಗಿಲ್ಲವೆಂದು ಎಲ್ಲರಿಗೂ ತಿಳಿದದ್ದು ಶಾಲೆಯ ಸಭಾಂಗಣದಲ್ಲಿ. ಅಷ್ಟಗಲದ ಚಾವಣಿ ಊರಿನಲ್ಲಿ ಇನ್ನೊಂದಿರಲಿಲ್ಲ. ಅರ್ಧ ದಾಟುವ ಹೊತ್ತಿಗೆ ಅತ್ತಿಗೆಯ ತೋಳು, ಯಾರೋ ಒಳಗಿನಿಂದ ದಾರ ಕತ್ತರಿಸಿದಂತೆ ಕೆಳಗೆ ಬಿತ್ತು. ರೋಲರ್ ಅವಳ ನೆತ್ತಿಯನ್ನು ಸವರಿ, ಹೆಗಲಿನ ಮೇಲೆ ಉರುಳಿ, ನೆಲ ಸೇರಿತು. ಬಿಳಿ ಬಣ್ಣ ಮೆತ್ತಿದ ಮುಖದಲ್ಲಿ ಅವಳು ಎಡಗೈಯಿಂದ ಕೋಲನ್ನು ಹುಡುಕುತ್ತಿದ್ದುದನ್ನು ಕಂಡು ನಾದಿನಿ ಓಡಿ ಬಂದು, ತಾನೇ ಎತ್ತಿಕೊಂಡು, ಉಳಿದದ್ದನ್ನು ತೋಚಿದಂತೆ ಮುಗಿಸಿದಳು. ಮರುದಿನ ಬೆಳಗ್ಗೆ ಸಭಾಂಗಣದ ನಡುವೆ, ಈ ಗೋಡೆಯಿಂದ ಆ ಗೋಡೆಗೆ, ಗೆರೆ ಬಿದ್ದಿತ್ತು.

ಮುಖ್ಯೋಪಾಧ್ಯಾಯಿನಿ ಕೂಗಾಡುವ ಹೆಂಗಸಲ್ಲ. "ಈ ವರ್ಷ ಹೀಗೇ ಇರಲಿ" ಎಂದರು. "ಮುಂದಿನ ದೊಡ್ಡ ರಜೆಯಲ್ಲಿ ಮತ್ತೆ ಹೊಡೆಸ್ತೀನಿ. ಅಷ್ಟರಲ್ಲಿ ನೀವು ಸರಿಹೋದ್ರೆ ನೀವೇ ಬನ್ನಿ. ಇಲ್ಲದಿದ್ರೆ ಹೇಳಿಬಿಡಿ, ಬೇರೆಯವರನ್ನ ಕರೀತೀನಿ."

ಮೇಸ್ತ್ರಿ ಹೊರಗೆ ಬಂದ ಮೇಲೆ ಸಮಾಧಾನ ಹೇಳಿದ. "ಗೇಟು, ಗ್ರಿಲ್ಲು, ಕುರ್ಚಿ ಇಂಥದ್ದು ನೋಡ್ಕೋ ಅಕ್ಕ. ಕೂತ್ಕೊಂಡು ಮಾಡಬಹುದು. ಚಾವಣಿ ಇನ್ನು ಸಾಕು."

ಬೈದಿದ್ದರೆ ಅತ್ತಿಗೆ ಎರಡು ಮಾತು ತಿರುಗಿಸಿ ಆಡಿ ಹಗುರಾಗುತ್ತಿದ್ದಳು. ಸಮಾಧಾನ ಹೇಳಿದ್ದಕ್ಕೆ ಕೋಲನ್ನು ಎಡ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಳು. ಆ ರಜೆಯೊಳಗೆ ಕೈ ಮೇಲೇಳದಿದ್ದರೆ ಸೀಲಿಂಗಕ್ಕ ಎಂಬವಳು ಮುಗಿದಳು, ಉಳಿಯುವವಳು ಗೇಟಿನ ಮುಂದೆ ಮಣೆ ಹಾಕಿಕೊಂಡು ಕೂತ ಯಾರೋ ಹೆಂಗಸು ಎಂಬುದು ಇಬ್ಬರಿಗೂ ತಿಳಿದಿತ್ತು.

ಮೂಳೆ ಡಾಕ್ಟರು ಸ್ಕ್ಯಾನ್ ತೆಗೆಸಿ ನೋಡಿ, ಭುಜದ ಕೀಲಿನ ಮೇಲೆ ಹಾಯುವ ಸ್ನಾಯುವಿನ ಪಟ್ಟಿ ಹಳೆಯ ಹಗ್ಗದಂತೆ ಸವೆದು ಎಳೆ ಬಿಟ್ಟಿದೆ, ಪೂರ್ತಿ ಹರಿದಿಲ್ಲ ಎಂದರು. ಕೊಯ್ಯುವ ಮೊದಲು ಕೆಲವು ತಿಂಗಳು ವ್ಯಾಯಾಮ ಮಾಡಿಸಿ ನೋಡೋಣವೆಂದು, ಆಸ್ಪತ್ರೆಯ ಹಿಂಬದಿಯ ಉದ್ದ ಕೋಣೆಗೆ ಕಳುಹಿಸಿದರು.

ಆ ಕೋಣೆಯಲ್ಲಿ ಆಳೆತ್ತರದ ಕನ್ನಡಿ, ರೆಕ್ಸಿನ್ ಹೊದಿಸಿದ ಮೇಜು, ತಲೆಯ ಮೇಲೆ ರಾಟೆಗೆ ಸುತ್ತಿದ ಹಗ್ಗ, ಗೂಟಗಳಿಗೆ ನೇತುಹಾಕಿದ ಬಣ್ಣಬಣ್ಣದ ರಬ್ಬರ್ ಪಟ್ಟಿಗಳು ಇದ್ದವು. ಅಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋ ಬಹಳ ತೆಳ್ಳಗಿನ, ಮೆಲುದನಿಯ ಮನುಷ್ಯ. ಅತ್ತಿಗೆ ಅವರನ್ನು ಒಮ್ಮೆ ಮೇಲಿಂದ ಕೆಳಗೆ ಅಳೆದು, ನಾದಿನಿಯ ಕಿವಿಯಲ್ಲಿ, "ಈ ಕಡ್ಡಿ ನನ್ನ ಭುಜ ಗಟ್ಟಿ ಮಾಡುತ್ತಾ?" ಎಂದಳು. ಪಿಸುಮಾತು ಅವಳ ಗಂಟಲಿಗೆ ಒಗ್ಗಿದ್ದಲ್ಲ. ಕಡ್ಡಿ ಡಾಕ್ಟರು ಕೇಳಿಸಿಕೊಂಡು ನಕ್ಕು, ಎಡಗೈಯನ್ನು ಮೇಜಿಗೆ ಊರಿ ಬಗ್ಗಿ ನಿಲ್ಲುವಂತೆ ಹೇಳಿದರು.

"ಬಲಗೈನ ಎತ್ತಬೇಡಿ ಅಮ್ಮ. ಬಿಟ್ಟುಬಿಡಿ. ಮೈ ತೂಗಿದ ಹಾಗೆ ಅದು ತಾನೇ ತೂಗಲಿ."

"ಬಿಡೋದು ಅಂದ್ರೆ ಹೇಗೆ? ಕೈ ಇರೋದು ಹಿಡ್ಕೊಳ್ಳೋಕೆ."

ನಿಜಕ್ಕೂ ಅವಳಿಗೆ ಬಿಡಲು ಬರುತ್ತಿರಲಿಲ್ಲ. ತೋಳು ಮರದ ಕೊರಡಿನಂತೆ ನೇತಾಡಿತು. ಗಡಿಯಾರದ ಲೋಲಕದಂತೆ ಅದು ಸಡಿಲಾಗಿ ಆಡುವುದಕ್ಕೆ ಬಹಳ ದಿನ ಹಿಡಿಯಿತು. ನೋವು ತಗ್ಗಿದ ಮೇಲೆ ಮುಂದಿನ ಪಾಠ. ಮೊಣಕೈ ಮತ್ತು ಪಕ್ಕೆಯ ನಡುವೆ ಮಡಿಸಿದ ಟವೆಲ್ ಸಿಕ್ಕಿಸಿ, ಬಾಗಿಲು ತೆರೆದಂತೆ ಮುಂಗೈಯನ್ನು ಹೊರಕ್ಕೆ ತಿರುಗಿಸಿ ರಬ್ಬರ್ ಪಟ್ಟಿಯನ್ನು ಎಳೆಯಬೇಕು. ಅತ್ತಿಗೆ ಗೂಟದತ್ತ ಕೈ ತೋರಿಸಿದಳು.

"ಆ ಹಸಿರು ಪಟ್ಟಿ ಕೊಡಿ. ದಪ್ಪ ಇದೆ."

"ಹಳದಿ."

"ಹಳದಿ ಮಕ್ಕಳಿಗೆ."

"ಹೌದಮ್ಮ. ನಿಮ್ಮ ಭುಜ ಈಗ ಮಗು."

ಹಳದಿಯನ್ನೇ ಹಿಡಿದು ಮನೆಗೆ ಬಂದಳು. ಅದರ ಜೊತೆ ಇನ್ನೊಂದು ವ್ಯಾಯಾಮವನ್ನೂ ಹೇಳಿ ಕಳುಹಿಸಿದ್ದರು. ಗೋಡೆಗೆ ಎದುರಾಗಿ ನಿಂತು, ಬಲಗೈಯ ಬೆರಳುಗಳನ್ನು ಜೇಡ ಹತ್ತಿದಂತೆ ಮೆಲ್ಲಮೆಲ್ಲಗೆ ಮೇಲಕ್ಕೆ ನಡೆಸಿ, ನೋಯದಷ್ಟು ಎತ್ತರ ಮುಟ್ಟಿ, ಹಾಗೆಯೇ ಇಳಿಸಿಕೊಂಡು ಬರುವುದು.

ಎಡವಟ್ಟಾದದ್ದು ಇಲ್ಲಿ. ಅಂಥ ಎಡವಟ್ಟು ಬಣ್ಣದವರ ಮನೆಯಲ್ಲಿ ಮಾತ್ರ ಆಗಬಲ್ಲದು. ಒಂದು ಸಂಜೆ ನಾದಿನಿ ಬಂದು ನೋಡಿದರೆ ನಡುಮನೆಯ ಗೋಡೆ ಎದೆಯೆತ್ತರದವರೆಗೆ ಹೊಸ ಕೆನೆ ಬಣ್ಣದಲ್ಲಿ ಮಿನುಗುತ್ತಿತ್ತು. ಅತ್ತಿಗೆ ಬಲಗೈಯಲ್ಲಿ ಬ್ರಷ್ ಹಿಡಿದು ನಿಂತಿದ್ದಳು.

"ಇದೇನತ್ತಿಗೆ?"

"ಹೇಗೂ ಕೈ ಮೇಲೆ ಹೋಗ್ತಾ ಇದೆ. ಖಾಲಿ ಯಾಕೆ ಹೋಗಬೇಕು?"

ಈ ಮಾತಿನಲ್ಲಿ ನಾದಿನಿಗೆ ತಪ್ಪೇನೂ ಕಾಣಲಿಲ್ಲ. ಮರುದಿನ ಬಣ್ಣ ಕಲಸಿಕೊಟ್ಟವಳೂ ಅವಳೇ. ದಿನದಿಂದ ದಿನಕ್ಕೆ ಕೆನೆ ಬಣ್ಣ ಗೋಡೆಯ ಮೇಲೆ ಏರತೊಡಗಿತು. ಗಲ್ಲದ ಮಟ್ಟ, ಹಣೆಯ ಮಟ್ಟ, ನೆತ್ತಿಯಿಂದ ಒಂದು ಗೇಣು ಮೇಲೆ. ಬೇಕರಿ ಕೆಲಸದಿಂದ ಮೈಯೆಲ್ಲ ಹಿಟ್ಟಾಗಿ ಬಂದ ಅತ್ತಿಗೆಯ ಗಂಡ ಅದನ್ನು ನೋಡಿ, "ನಮ್ಮ ಹಿಟ್ಟಿಗೂ ನಡುವೆ ಒಂದಿಷ್ಟು ಸುಮ್ಮನೆ ಬಿಡ್ತೀವಿ, ಉಬ್ಬೋಕೆ" ಎಂದ. "ನಿಮ್ಮ ಹಿಟ್ಟು ಉಬ್ಬಬೇಕು, ನನ್ನ ಭುಜ ಉಬ್ಬಬಾರದು" ಎಂದು ಅವಳು ಬಾಯಿ ಮುಚ್ಚಿಸಿದಳು. ಆ ವಾರ ಕಳೆಯುವ ಮೊದಲೇ ಭುಜ ಉಬ್ಬಿತು. ಕೈ ಮತ್ತೆ ಕಿವಿಯ ಮಟ್ಟಕ್ಕೂ ಬಾರದಾಯಿತು.

ಕಡ್ಡಿ ಡಾಕ್ಟರು ಭುಜವನ್ನು ಒತ್ತಿ ನೋಡಿ, ಏನು ಮಾಡಿದಿರಿ ಎಂದು ಕೇಳಿದರು. ಹೇಳಿದ್ದನ್ನೇ ಮಾಡಿದೆ ಎಂದಳು ಅತ್ತಿಗೆ. ಅವರು ಅವಳ ಬೆರಳನ್ನು ಬೆಳಕಿಗೆ ಹಿಡಿದು, ಉಗುರಿನ ಬುಡವನ್ನು ನೋಡುತ್ತ, "ಬಣ್ಣ ಯಾವುದಮ್ಮ?" ಎಂದು ಕೇಳಿದರು.

"ಕೆನೆ ಬಣ್ಣ" ಎಂದು ನಾದಿನಿ ಬಾಯಿ ತಪ್ಪಿ ಹೇಳಿದಳು. ಅತ್ತಿಗೆ ನೋಡಿದ ನೋಟಕ್ಕೆ ಗೋಡೆಯ ಹಸಿ ಬಣ್ಣವೂ ಒಣಗಬೇಕಿತ್ತು.

ಅವರು ಗದರಲಿಲ್ಲ. ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಕೈಗೆ ಒಂದು ಖಾಲಿ ಬ್ರಷ್ ಕೊಟ್ಟು, ಚಾವಣಿಗೆ ಹೊಡೆದಂತೆ ಎತ್ತಿ ತೋರಿಸಿ ಎಂದರು. ಅವಳು ಎತ್ತಿದಳು.

"ಮೇಲೆ ಹೋದದ್ದು ಏನು, ನೋಡಿ ಹೇಳಿ."

ಅತ್ತಿಗೆ ನೋಡಿದಳು. ಕೈಗಿಂತ ಮೊದಲು ಹೆಗಲು ಎದ್ದು ಕಿವಿಯನ್ನು ಮುಟ್ಟಿತ್ತು. ನಡು ಒಂದು ಕಡೆಗೆ ವಾಲಿತ್ತು. ಕುತ್ತಿಗೆಯ ನರ ಹಗ್ಗದಂತೆ ಬಿಗಿದಿತ್ತು. ಪರರ ಚಾವಣಿಗಳಲ್ಲಿ ಕೂದಲೆಳೆಯಷ್ಟು ಗೆರೆಯನ್ನು ಪತ್ತೆ ಹಚ್ಚುವ ಕಣ್ಣು ಅದು. ತನ್ನ ಮೈಯ ಸೊಟ್ಟವನ್ನು ಅದು ನೋಡಿದ್ದು ಅಂದೇ ಮೊದಲು.

"ಭುಜದ ಕೆಲಸಾನ ಇಷ್ಟು ವರ್ಷ ನಿಮ್ಮ ಕುತ್ತಿಗೆ ಮಾಡಿದೆ" ಎಂದರು ಅವರು. "ಬೆನ್ನಿನ ಹಲಗೆ ಮೂಳೆ ಕೆಳಗೆ ಇರಬೇಕು, ಹಿಂದೆ ಇರಬೇಕು. ಅದರ ಮೇಲೆ ಕೈ ಏಳಬೇಕು. ಬುಡ ಅಲ್ಲಾಡೋ ಏಣಿ ಹತ್ತುತೀರಾ ನೀವು?"

"ನಾನ್ಯಾಕೆ ಹತ್ತಲಿ? ತಲೆ ಕೆಟ್ಟಿದೆಯಾ?"

"ದಿನಾ ಹತ್ತುತಿದ್ರಿ."

ಅತ್ತಿಗೆ ಕನ್ನಡಿ ನೋಡುತ್ತಲೇ ಬ್ರಷ್ಷನ್ನು ಮೆಲ್ಲಗೆ ಇಳಿಸಿದಳು. ಅವರು ಹೆಗಲಿನ ಮೇಲಿನಿಂದ ಬೆನ್ನಿನ ಕೆಳಕ್ಕೆ ಒಂದು ಅಂಟುಪಟ್ಟಿ ಎಳೆದು ಹಚ್ಚಿ, ಹೆಗಲು ಎದ್ದರೆ ಚರ್ಮ ಜಗ್ಗಿ ನೆನಪಿಸುತ್ತದೆ ಎಂದರು. "ನಾವು ಕಿಟಕಿ ಅಂಚಿಗೆ ಹಚ್ಚೋ ಟೇಪು" ಎಂದಷ್ಟೇ ಅಂದಳು ಅವಳು. ಹೊರಡುವಾಗ ಅವರು ಇನ್ನೊಂದು ಕಟ್ಟಳೆ ಹಾಕಿದರು. ಆ ಗೋಡೆ ಅರ್ಧಕ್ಕೇ ಇರಲಿ, ಹೆಗಲು ಏಳದೆ ಕೈ ಅದರ ತುದಿ ಮುಟ್ಟುವ ತನಕ ಬ್ರಷ್ ಮುಟ್ಟಬಾರದು.

ಬಣ್ಣದವಳ ಮನೆಯ ನಡುಮನೆಯಲ್ಲಿ ಅರ್ಧ ಬಣ್ಣದ ಗೋಡೆ ಎಂದರೆ ಏನೆಂದು ಹೊರಗಿನವರಿಗೆ ಅರ್ಥವಾಗದು. ಕೆಳಗೆ ಹೊಸ ಕೆನೆ, ಮೇಲೆ ಹಳೆಯ ಮಾಸಿದ ನೀಲಿ, ನಡುವೆ ಅಂಕುಡೊಂಕಾದ ಅಂಚು. ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಿದ್ದರು. ಅತ್ತಿಗೆ ಅದರ ಎದುರಿನಲ್ಲೇ ದಿನವೂ ನಿಂತಳು. ಹಲಗೆ ಮೂಳೆಗಳನ್ನು ಹಿಂದಕ್ಕೆಳೆದು ಕೆಳಗಿಳಿಸಿ, ಬೆರಳು ನಡೆಸಿದಳು. ಹಳದಿ ಪಟ್ಟಿ ಎಳೆದಳು. ಸಣ್ಣ ಬಣ್ಣದ ಡಬ್ಬದ ತಳದಲ್ಲಿ ಒಂದು ಹಿಡಿ ಮರಳು ಹಾಕಿ, ಅದನ್ನು ಸೊಂಟದಿಂದ ಹೆಗಲಿನವರೆಗೆ ಎತ್ತಿ, ಬೀಳಿಸದೆ, ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸಿದಳು. ಇಳಿಸುವಾಗಲೇ ಸ್ನಾಯು ಗಟ್ಟಿಯಾಗುವುದು ಎಂದು ಅವರು ಹೇಳಿದ್ದನ್ನು, ಮೊದಲು ನಂಬದಿದ್ದರೂ, ಹೇಳಿದಷ್ಟೇ ಪಾಲಿಸಿದಳು. ಡಬ್ಬದಲ್ಲಿ ಮರಳಿನ ಅಳತೆ ಬಲು ಮೆಲ್ಲಗೆ ಏರಿತು.

ಆಮೇಲೆ ಒಣ ರೋಲರಿನ ಸರದಿ. ಕೋಲು ಅದೇ, ರೋಲರ್ ಅದೇ, ಬಣ್ಣ ಮಾತ್ರ ಇಲ್ಲ. ನಡುಮನೆಯ ಚಾವಣಿಯ ಮೇಲೆ ಅದನ್ನು ಉರುಳಿಸುತ್ತ, ಟೇಪು ಜಗ್ಗಿದೊಡನೆ ಇಳಿಸಬೇಕು. ಎದುರು ಮನೆಯ ದರ್ಜಿ ಹೆಂಗಸು ಕಿಟಕಿಯಿಂದ ಕತ್ತು ಚಾಚಿದಳು.

"ಏನೇ, ನಿಮ್ಮತ್ತಿಗೆ ಬಣ್ಣ ಇಲ್ಲದೆ ಬಣ್ಣ ಹೊಡೀತಿದಾಳೆ?"

"ಹೊಸ ಬಣ್ಣ, ಕಣ್ಣಿಗೆ ಕಾಣಲ್ಲ" ಎಂದಳು ನಾದಿನಿ. "ನಿಮ್ಮನೆಗೂ ಎರಡು ಕೋಟು ಹಾಕಿಸಲಾ? ನೀವೂ ನೂಲಿಲ್ಲದೆ ನಂಗೊಂದು ರವಿಕೆ ಹೊಲಿದುಕೊಡಿ."

ಉತ್ತರ ಕೊಟ್ಟು ಒಳಗೆ ಬಂದವಳಿಗೆ ನಗು ಬರಲಿಲ್ಲ. ಅತ್ತಿಗೆಯ ಹಣೆಯಲ್ಲಿ ಬೆವರಿತ್ತು, ಗಮನವೆಲ್ಲ ಬೆನ್ನಿನ ಟೇಪಿನ ಮೇಲಿತ್ತು. ದರ್ಜಿಯ ಮಾತು ಕೇಳಿಸಿಲ್ಲವೆಂಬಂತೆ ಕೋಲು ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತಿದಳು. ಭಾರ ಎತ್ತುವವರನ್ನು ಲೋಕ ನಿಂತು ನೋಡಿ ಹೊಗಳುತ್ತದೆ. ಹಗುರವಾದುದನ್ನು, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಹಗುರವಾದುದನ್ನು, ದಿನವೂ ಹೇಳಿದಷ್ಟೇ ಎತ್ತಿ ಕೆಳಗಿಡುವವರ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ನಾದಿನಿ ನೋಡಿದಳು. ಸಿಮೆಂಟಿನ ಮೂಟೆಯನ್ನು ಹೆಗಲಿಗೇರಿಸಿದ ಅತ್ತಿಗೆಯನ್ನು ಅವಳು ಕಂಡಿದ್ದಳು. ಒಂದು ಹಿಡಿ ಮರಳಿನ ಮುಂದೆ ತಲೆಬಾಗಿ ನಿಂತ ಅತ್ತಿಗೆ ಅವಳ ಕಣ್ಣಿಗೆ ಅದಕ್ಕಿಂತ ದೊಡ್ಡವಳಾಗಿ ಕಂಡಳು. ಬಾಯಲ್ಲಿ ಮಾತ್ರ, "ಊಟ ಆರಿಹೋಗ್ತಿದೆ, ಪೈಲ್ವಾನ್ರೇ" ಎಂದಳು.

ಶಾಲೆಯ ದೊಡ್ಡ ರಜೆ ಹತ್ತಿರ ಬಂತು. ಟೇಪು ಹೋಯಿತು. ಪಟ್ಟಿ ಹಳದಿಯಿಂದ ಕೆಂಪಾಗಿ, ಕೊನೆಗೆ ಹಸಿರೂ ಆಯಿತು. ಜಡೆ ನೆತ್ತಿಗೇರಿತು. ಕಡ್ಡಿ ಡಾಕ್ಟರು ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ, ಕೆಲಸಕ್ಕೆ ಹೋಗಬಹುದು ಎಂದರು. "ಒಂದೇ ಮಾತು. ದಣಿದಾಗ ಹೆಗಲು ಮತ್ತೆ ಕಿವಿ ಕಡೆ ಹೊರಡುತ್ತೆ. ಹೊರಟ ತಕ್ಷಣ ನಿಲ್ಲಿಸಬೇಕು. ಇನ್ನೆರಡು ಪಟ್ಟಿ ಮುಗಿಸಿಬಿಡ್ತೀನಿ ಅಂದ್ರೆ ಮತ್ತೆ ಇಲ್ಲಿಗೇ ಬರ್ತೀರಿ."

"ಚಾವಣಿ ನಡುವೆ ನಿಲ್ಲಿಸೋಕಾಗಲ್ಲ ಡಾಕ್ಟ್ರೇ."

"ಭುಜಾನ ನಿಲ್ಲಿಸದೆ ಇರೋಕೂ ಆಗಲ್ಲ. ಚಾವಣಿ ನಿಲ್ಲದೆ ನೀವು ನಿಲ್ಲೋದು ಹೇಗೆ ಅಂತ ನೀವೇ ನೋಡ್ಬೇಕಮ್ಮ. ಆ ವಿದ್ಯೆ ನಂದಲ್ಲ."

ಅತ್ತಿಗೆ ಮನೆಗೆ ಬಂದವಳು ಬಾಗಿಲ ಹಿಂದಿನಿಂದ ಎರಡನೆಯ ಕೋಲನ್ನು ತೆಗೆದು, ಒಣ ರೋಲರನ್ನು ಸಿಕ್ಕಿಸಿ, ನಾದಿನಿಯ ಮುಂದೆ ಚಾಚಿದಳು.

"ಹಿಡ್ಕೋ."

"ಇದು ಗೋಡೆ ಕೈ ಅಲ್ವಾ ಅತ್ತಿಗೆ?"

"ಬಾಯಿ ಬೇಡ. ಹಿಡ್ಕೋ."

ಮುಂದಿನ ವಾರಗಳಲ್ಲಿ ಅರ್ಧ ಗೋಡೆಯ ಆ ನಡುಮನೆಯಲ್ಲಿ ಇಬ್ಬರು ಹೆಂಗಸರು ಬಣ್ಣವಿಲ್ಲದ ರೋಲರುಗಳನ್ನು ಎತ್ತಿಕೊಂಡು ಅಕ್ಕಪಕ್ಕ ನಡೆದರು. ಯಾರಿಗೂ ಕಲಿಸದ ಅತ್ತಿಗೆಗೆ ಕಲಿಸುವ ನಯ ಬರುತ್ತಿರಲಿಲ್ಲ. "ಕೊನೇಲಿ ಒತ್ತಬೇಡ. ಗೋಡೆಯಾದ್ರೆ ತಳ್ಳಿದ್ರೂ ತಡ್ಕೊಳ್ಳುತ್ತೆ. ಚಾವಣೀನ ತಳ್ಳಬಾರದು, ಸವರಬೇಕು." "ನನ್ನ ಮುಖ ಏನು ನೋಡ್ತೀಯಾ? ಅಂಚು ನೋಡು." "ಹೆಗಲು ಕೆಳಗೆ." ಬೈಗುಳದ ನಡುವೆ ನಾದಿನಿಗೂ ಹಳದಿ ಪಟ್ಟಿ ಬಂತು, ಮರಳಿನ ಡಬ್ಬ ಬಂತು. ತನ್ನ ಒತ್ತು, ತನ್ನ ವೇಗ, ಪಟ್ಟಿಯ ತುದಿಯಲ್ಲಿ ಕೈಯನ್ನು ಹಗುರ ಮಾಡಿ ರೋಲರನ್ನು ಬಿಡಿಸಿಕೊಳ್ಳುವ ರೀತಿ, ಎಲ್ಲವನ್ನೂ ಅತ್ತಿಗೆ ಅವಳ ಮುಂದೆ ಹರಡಿದಳು. ಇಷ್ಟು ಕಾಲ ಯಾರ ಕಣ್ಣಿಗೂ ಬೀಳದಂತೆ ಕಾಪಾಡಿಕೊಂಡಿದ್ದುದು ಅದು.

ಸಭಾಂಗಣದ ದಿನ ಬಂತು. ಹಳೆಯ ಚಾವಣಿಯನ್ನು ಉಜ್ಜಿ, ಒರೆಸಿ, ನೆಲಕ್ಕೆ ಹಾಳೆ ಹಾಸಿದ್ದರು. ಒಪ್ಪಂದ ಇಷ್ಟೇ: ನಾದಿನಿ ಎರಡನೆಯ ಕೋಲನ್ನು ಅದ್ದಿ ಸಿದ್ಧವಾಗಿಟ್ಟುಕೊಂಡು ಹಿಂದೆಯೇ ನಡೆಯುವುದು, ಹೆಗಲು ಹೊರಟದ್ದು ಕಂಡರೆ "ಕಿವಿ" ಎನ್ನುವುದು.

ಅತ್ತಿಗೆ ಕಿಟಕಿಯಿಂದ ಶುರು ಮಾಡಿದಳು. ಬೆನ್ನು ನೆಟ್ಟಗಿತ್ತು, ಹಲಗೆ ಮೂಳೆ ಕೂತಲ್ಲಿ ಕೂತಿತ್ತು. ರೋಲರ್ ಹಳೆಯ ಸದ್ದಿನಲ್ಲೇ ಉರುಳಿತು. ಕೆಲಸ ಸಭಾಂಗಣದ ನಡುವನ್ನು ತಲುಪಿದಾಗ, ಕಳೆದ ಸಲ ಕೋಲು ಬಿದ್ದ ಜಾಗದಲ್ಲೇ, ಬಲ ಹೆಗಲು ಕೂದಲೆಳೆಯಷ್ಟು ಮೇಲಕ್ಕೆ ಸರಿದುದನ್ನು ನಾದಿನಿ ಕಂಡಳು.

"ಕಿವಿ."

ಅತ್ತಿಗೆ ಕೇಳದವಳಂತೆ ಒಂದು ಪಟ್ಟಿ ಹೊಡೆದಳು. ಇನ್ನೊಂದಕ್ಕೆ ಅದ್ದಿದಳು. ಸುಮ್ಮನಿದ್ದರೆ ಭುಜ ಹೋಗುತ್ತದೆ, ಕೂಗಿದರೆ ಅವಳ ಮಾನ ಹೋಗುತ್ತದೆ.

"ಅತ್ತಿಗೆ" ಎಂದಳು ನಾದಿನಿ, ಬರೀ ಅಷ್ಟೇ.

ಅತ್ತಿಗೆ ಎತ್ತಿದ್ದ ಪಟ್ಟಿಯನ್ನು ತುದಿಯವರೆಗೆ ಒಯ್ದು, ಹಗುರಾಗಿ ಬಿಡಿಸಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಅವಳು ಬಿಟ್ಟ ಜಾಗಕ್ಕೆ ನಾದಿನಿಯ ರೋಲರ್ ಬಂದು ಹಸಿ ಅಂಚನ್ನು ಹಿಡಿಯಿತು. ಚಾವಣಿ ನಿಲ್ಲಲಿಲ್ಲ.

ಅತ್ತ ಅತ್ತಿಗೆ ಒಂದು ಬೆಂಚಿಗೆ ಎಡಗೈ ಊರಿ ಬಗ್ಗಿ, ಬಲಗೈಯನ್ನು ಬಿಟ್ಟು ತೂಗತೊಡಗಿದಳು. ಬಾಗಿಲಲ್ಲಿ ಇಣುಕಿದ ಮುಖ್ಯೋಪಾಧ್ಯಾಯಿನಿ ಗಾಬರಿಯಾಗಿ, "ಅಯ್ಯೋ, ಏನಾಯ್ತು? ನೀರು ತರಿಸಲಾ?" ಎಂದರು.

"ಏನಿಲ್ಲ ಮೇಡಂ" ಎಂದಳು ಬಗ್ಗಿದಲ್ಲಿಂದಲೇ. "ಕೈ ಬಿಡೋದು ಕಲೀತಿದೀನಿ."

ಒಂದಿಷ್ಟು ಹೊತ್ತಿನ ಮೇಲೆ ಅವಳ ಕೋಲು ಮತ್ತೆ ಎದ್ದಿತು. ಆಮೇಲೆ "ಕಿವಿ" ಎನ್ನಿಸಿಕೊಳ್ಳುವ ಮುನ್ನವೇ ತಾನಾಗಿ ಸರಿದುಕೊಂಡಳು. ಎದುರಿನ ಗೋಡೆ ಮುಟ್ಟಿದ ಕೊನೆಯ ಪಟ್ಟಿ ಅವಳದೇ.

ಮರುದಿನ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಇಬ್ಬರೂ ಶಾಲೆಯ ಮುಂದಿದ್ದರು. ಮೇಸ್ತ್ರಿಯೂ ಬಂದ. ಕಿಟಕಿಗಳಿಂದ ಬೆಳಕು ಓರೆಯಾಗಿ ಚಾವಣಿಯ ಮೇಲೆ ಹರಿದಿತ್ತು. ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿಕೊಂಡು ಈ ತುದಿಯಿಂದ ಆ ತುದಿಗೆ ನಡೆದರು. ಮೇಸ್ತ್ರಿ ಕೂತು ನೋಡಿದ, ಎದ್ದು ನೋಡಿದ, ಕೊನೆಗೆ ಕತ್ತು ಉಜ್ಜಿಕೊಂಡು, "ಗ್ರಿಲ್ಲಿಗೆ ಬೇರೆ ಯಾರನ್ನಾದ್ರೂ ನೋಡ್ಬೇಕಾಯ್ತು" ಎಂದ.

ಅತ್ತಿಗೆ ನಾದಿನಿಯನ್ನು ಸಭಾಂಗಣದ ನಡುವಿಗೆ ಕರೆದೊಯ್ದು ನಿಲ್ಲಿಸಿದಳು.

"ನಿನ್ನ ಕೈ ಎಲ್ಲಿಂದ ಶುರುವಾಯ್ತು, ತೋರಿಸು."

ನಾದಿನಿ ತಲೆಯೆತ್ತಿ ಬಹಳ ಹೊತ್ತು ಹುಡುಕಿದಳು. ಬೆಂಚು ಇದ್ದ ಜಾಗದಿಂದ ಅಂದಾಜು ಮಾಡಿದಳು. ಕಡೆಗೆ, "ಗೊತ್ತಾಗ್ತಾ ಇಲ್ಲ ಅತ್ತಿಗೆ" ಎಂದಳು.

"ನಂಗೂ ಗೊತ್ತಾಗ್ತಾ ಇಲ್ಲ" ಎಂದಳು ಸೀಲಿಂಗಕ್ಕ. ಅಂಥ ಮಾತನ್ನು ಅವಳು ಯಾವ ಬಣ್ಣದವರ ಬಗೆಗೂ ಅದುವರೆಗೆ ಆಡಿದ್ದಿಲ್ಲ. ಬಕೆಟ್ಟಿನ ಒಂದು ಕಡೆಯನ್ನು ತಾನು ಹಿಡಿದು, ಇನ್ನೊಂದು ಕಡೆಗೆ ಕಣ್ಸನ್ನೆ ಮಾಡಿದಳು. "ನಡಿ. ಮನೇಲಿ ಅರ್ಧ ಗೋಡೆ ಕಾಯ್ತಾ ಇದೆ. ಕೆಳಗಿನಿಂದ ಮತ್ತೊಂದು ಕೋಟು ನೀನು ಹೊಡಿ, ಮೇಲಿಂದು ನಂದು."